ಮೂಡಣಕ್ಕೆ ತಿರುಗಿದ ಅಂಟೆನಾ



ಇವತ್ತು ಹಳೆಯ ಸಿನಿಮಾದ ಮಾತು. ಸಿನಿಮಾ ಎಂದರೆ ಇತಿಹಾಸವೇ ಎಂದು ಕೆಲವರು ಮೂಗು ಮುರಿಯಬಹುದು. ಆದರೆ ನಮ್ಮ ಗಡಿ ಸೀಮೆಯಲ್ಲಿ ಕನ್ನಡದ ಒಂದು ಚಿತ್ರ ನೋಡಬೇಕಾದರೆ ಎಷ್ಟು ತಿರುಗಬೇಕಾಗಿತ್ತು, ಎಷ್ಟು ಕಾಯಬೇಕಾಗಿತ್ತು ಎಂಬುದು ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಅದಕ್ಕಾಗಿ ಈ ಮಾತು.

ಕೆಲವು ವರ್ಷಗಳ ಹಿಂದೆ ಸೊಲ್ಲಾಪುರದಲ್ಲಿ ಒಂದು ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಅಕ್ಕಲಕೋಟೆಯ ಎಸ್.ಟಿ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಎದುರಿನ ಬೆಂಚಿನಲ್ಲಿ ಮೂವರು ಹಿರಿಯರು. ಮೂವರೂ ಎಂಬತ್ತರ ಹತ್ತಿರದವರು. ಮಾತು ಸೊಲ್ಲಾಪುರದ ಪದ್ಧತಿಯಂತೆ ಮೂರು ಭಾಷೆ ಕಲಸಿ ನಡೆದಿತ್ತು. ನಾನು ಕನ್ನಡದಲ್ಲಿಯೇ ಹೇಳುತ್ತೇನೆ.

“ಬೇಡರ ಕಣ್ಣಪ್ಪ ಅಂದ್ರ ರಾಜಕುಮಾರಂದು ಮೊದಲನೇ ಪಿಚ್ಚರ್ ರೀ. ನಮ್ಮಪ್ಪ ಹೆಗಲ ಮ್ಯಾಲೆ ಕೂಡಿಸಿಕೊಂಡು ತೋರಿಸ್ಯಾನ. ಕಣ್ಣು ಕಿತ್ತು ಶಿವಗ ಇಡೂ ಮುಂದ ಹೆಣ್ಮಕ್ಕಳು ಅತ್ತಿದ್ದು ನನಗ ಇನ್ನೂ ನೆಪ್ಪದ,” ಎಂದರು ಒಬ್ಬರು.

“ಯಾವ ರಾಜಕುಮಾರ ತಗೀರಿ! ಅದರಾಗ ಶಾಹು ಮೋಡಕ ಇದ್ದ. ಹಿಂದೀ ಪಿಚ್ಚರ್ ಅದು. ನಾ ಎರಡು ಸಲ ನೋಡೇನಿ,” ಎಂದರು ಎರಡನೆಯವರು.

ಮೂರನೆಯವರು ಊರಿನ ಪೂರ್ವ ಭಾಗದವರು, ಪದ್ಮಶಾಲಿ, ಮಗ್ಗದ ಮನೆತನ. ಅವರು ಚಹಾದ ಬಶಿ ಕೆಳಗಿಟ್ಟು ಹೇಳಿದರು: “ಇಬ್ಬರದೂ ತಪ್ಪು. ರಾಜಕುಮಾರನೇ ಖರೆ, ಆದರ ಅಂವ ತೆಲುಗು ಮಾತಾಡ್ಯಾನ.”

ಜಗಳ ಏರಿತು. ಹಳೆಯ ಪಿಚ್ಚರಿನ ಹುಚ್ಚು ಹಿಡಿದವರು ಒಬ್ಬರ ಮಾತು ಇನ್ನೊಬ್ಬರು ಒಪ್ಪುವುದುಂಟೆ? ನನ್ನ ಬಸ್ಸು ಬಂದಿತು, ನಾನು ಏರಲಿಲ್ಲ. ಯಾಕೆಂದರೆ ಮೂವರ ಮಾತೂ ಖರೆ ಇತ್ತು. ‘ಬೇಡರ ಕಣ್ಣಪ್ಪ’ 1954ರಲ್ಲಿ ಕನ್ನಡದಲ್ಲಿ ಬಂದಿತು. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಗುಬ್ಬಿ ಕಂಪನಿ ರಂಗದ ಮೇಲೆ ಆಡಿದ ನಾಟಕವೇ ಅದಕ್ಕೆ ಮೂಲ. ಮುತ್ತುರಾಜ ಎಂಬ ನಾಟಕದ ನಟ ರಾಜಕುಮಾರ ಎಂಬ ಹೆಸರು ಹೊತ್ತು ನಾಯಕನಾದದ್ದು ಅದರಿಂದಲೇ. ಅದೇ ವರ್ಷ ತೆಲುಗಿನಲ್ಲಿ ಕಾಳಹಸ್ತಿಯ ಮಹಾತ್ಮೆಯೆಂದು ಅದೇ ಕಥೆ ಬಂದಾಗಲೂ ನಾಯಕ ರಾಜಕುಮಾರರೇ. ಅವರು ಮಾಡಿದ ತೆಲುಗು ಚಿತ್ರ ಅದೊಂದೇ. ಮರುವರ್ಷ, 1955ರಲ್ಲಿ, ಸಿಂಹ ಅವರೇ ಹಿಂದಿಯಲ್ಲಿ ‘ಶಿವಭಕ್ತ’ ತೆಗೆದರು. ಅದರಲ್ಲಿ ಕಣ್ಣಪ್ಪನಾದವರು ಮರಾಠಿ ಮಂದಿ ಬಲ್ಲ ಶಾಹು ಮೋಡಕ.

ಇದನ್ನು ಹೇಳಿದಾಗ ಮೂವರೂ ನನ್ನನ್ನು ಒಂದು ನಮೂನಿ ನೋಡಿದರು. ಜಗಳ ಮುರಿದುದು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. “ಅಂದ್ರ ನಾವು ಮೂರೂ ಮಂದಿ ಒಂದೇ ಪಿಚ್ಚರ್ ನೋಡೇವಿ ಅಂದ್ರಿ,” ಎಂದು ಮೊದಲಿನವರು ನನ್ನ ಚಹಾದ ದುಡ್ಡನ್ನೂ ತಾವೇ ಕೊಟ್ಟರು.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡದ ಮೊದಲನೆಯ ಮಾತಿನ ಚಿತ್ರ ಎಲ್ಲಿ ತಯಾರಾಯಿತು ಎಂದು ಕೇಳಿದರೆ ಮಂದಿ ಬೆಂಗಳೂರು ಎನ್ನುತ್ತಾರೆ, ಇಲ್ಲವೆ ಮದ್ರಾಸು ಎನ್ನುತ್ತಾರೆ. ಅದು ತಯಾರಾದದ್ದು ನಮ್ಮ ಮಹಾರಾಷ್ಟ್ರದ ಕೊಲ್ಲಾಪುರದಲ್ಲಿ. ಚಿತ್ರದ ಹೆಸರು ‘ಸತಿ ಸುಲೋಚನ’. ಬೆಂಗಳೂರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಚಮನಲಾಲ್ ಡುಂಗಾಜಿ ಎಂಬ ಮಾರವಾಡಿ ಸೇಠರು ದುಡ್ಡು ಹಾಕಿದರು. ನಿರ್ದೇಶನ ತೆಲುಗು ಸೀಮೆಯ ವೈ.ವಿ. ರಾವ್ ಅವರದು. ಮಾತು ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಸುಲೋಚನೆಯಾಗಿ ತ್ರಿಪುರಾಂಬ. ಆಗ ಮೈಸೂರು ಸೀಮೆಯಲ್ಲಿ ಮಾತಿನ ಚಿತ್ರ ತೆಗೆಯುವ ಸ್ಟುಡಿಯೊ ಇರಲಿಲ್ಲ. ಕೊಲ್ಲಾಪುರದಲ್ಲಿ ಬಾಬುರಾವ್ ಪೇಂಟರ್ ಮೂಕಚಿತ್ರದ ಕಾಲದಿಂದಲೂ ದೊಡ್ಡ ಶಾಲೆಯನ್ನೇ ಕಟ್ಟಿದ್ದರು. ಅಲ್ಲಿಯ ಶಿಷ್ಯರು 1929ರಲ್ಲಿ ಪ್ರಭಾತ ಕಂಪನಿ ತೆಗೆದು, 1933ರಲ್ಲಿ ಅದನ್ನು ಪುಣೆಗೆ ಒಯ್ದರು. ಆದರೂ ಕೊಲ್ಲಾಪುರದಲ್ಲಿ ಕ್ಯಾಮೆರಾ ಇತ್ತು, ಧ್ವನಿ ಹಿಡಿಯುವ ಯಂತ್ರವಿತ್ತು, ಪಡದೆ ಬರೆಯುವ ಕೈಗಳಿದ್ದವು. ಅಲ್ಲಿಯ ಛತ್ರಪತಿ ಸಿನೆಟೋನಿನಲ್ಲಿ ಕನ್ನಡದ ಲಂಕೆ ಎದ್ದಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಚಿತ್ರ ತೆರೆ ಕಂಡಿತು.

ಮಾರವಾಡಿ ದುಡ್ಡು, ತೆಲುಗು ನಿರ್ದೇಶಕ, ಮರಾಠಿ ಊರಿನ ಸ್ಟುಡಿಯೊ, ಕನ್ನಡದ ಮಾತು! ನಮ್ಮ ಮನೆಗಳಲ್ಲಿ ಸೊಸೆ ಒಂದು ಭಾಷೆ, ಅತ್ತೆ ಒಂದು ಭಾಷೆ ಆಡಿ ಸಂಸಾರ ನಡೆಯುವಂತೆಯೇ ಕನ್ನಡ ಸಿನಿಮಾದ ಮೊದಲ ಸಂಸಾರವೂ ನಡೆದಿದೆ.

ಆದರೆ ಆ ಚಿತ್ರವನ್ನು ಇನ್ನು ನಾವು ನೀವು ನೋಡಲಾರೆವು. ಅದರ ಒಂದು ಪ್ರತಿಯೂ ಉಳಿದಿಲ್ಲ. ಹಿಂದಿಯ ಮೊದಲ ಮಾತಿನ ಚಿತ್ರ, 1931ರ ‘ಆಲಂ ಆರಾ’, ಅದಕ್ಕೂ ಇದೇ ಗತಿ. ಯಾಕೆ ಹೀಗಾಯಿತು ಎಂದರೆ, ಆ ಕಾಲದ ಫಿಲ್ಮು ನೈಟ್ರೇಟಿನದು. ಒಂದು ಕಿಡಿ ಸಾಕು, ಹತ್ತಿ ಉರಿಯುತ್ತದೆ. ಉರಿಯದಿದ್ದರೂ ಸೆಕೆಗೆ ತಾನೇ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಮೇಲಾಗಿ ಅದರಲ್ಲಿ ಬೆಳ್ಳಿಯ ಅಂಶವಿತ್ತು. ಚಿತ್ರ ಓಡಿ ಮುಗಿದ ಮೇಲೆ ರೀಲು ಇಟ್ಟುಕೊಂಡು ಏನು ಮಾಡುವುದು ಎಂದು ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ಕಾಸಿನ ಸರ ಮುರಿಸಿ ಸಾಲ ತೀರಿಸಿದ ಮನೆತನದವರು ನಾವು, ಅವರಿಗೆ ಏನು ಅನ್ನೋಣ? ಹಳೆಯ ಚಿತ್ರಗಳನ್ನು ಕಾಯ್ದಿಡಬೇಕೆಂದು ಸರ್ಕಾರ ಪುಣೆಯಲ್ಲಿ ಫಿಲ್ಮ್ ಆರ್ಕೈವ್ ತೆರೆದದ್ದು 1964ರಲ್ಲಿ, ಅಂದರೆ ಸುಲೋಚನೆ ಬಂದು 30 ವರ್ಷಕ್ಕೆ. ಅಲ್ಲಿಯ ಪಿ.ಕೆ. ನಾಯರ್ ಎಂಬವರು ಅಟ್ಟ, ಗೋದಾಮು, ಮುಚ್ಚಿದ ಟಾಕೀಸು ಎಲ್ಲ ತಿರುಗಿ ಡಬ್ಬಿ ಕೂಡಿಸಿದರು. 2003ರ ಜನವರಿಯಲ್ಲಿ ಅದೇ ಪುಣೆಯಲ್ಲಿ ನೈಟ್ರೇಟ್ ಫಿಲ್ಮಿನ ಕೋಠಿಗೆ ಬೆಂಕಿ ಬಿದ್ದು ಎಷ್ಟೋ ಹಳೆಯ ರೀಲು ಹೋದವು.

ಇರಲಿ. ನಮ್ಮ ಕಡೆಗೆ ಬರೋಣ.

ಟಿವಿ ಬರುವ ಮುಂಚೆ ಅಕ್ಕಲಕೋಟೆ ತಾಲೂಕಿನ ಮಂದಿ ಕನ್ನಡ ಚಿತ್ರ ನೋಡಬೇಕಾದರೆ ಎರಡೇ ದಾರಿ. ಒಂದು, ಜಾತ್ರೆಯ ತಂಬು. ಬೆಳೆ ಕೈಗೆ ಬಂದ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತು. ನೆಲಕ್ಕೆ ಒಂದು ದರ, ಕುರ್ಚಿಗೆ ಒಂದು ದರ, ರೀಲು ಬದಲಿಸುವಾಗ ಶೇಂಗಾ. ಎರಡನೆಯದು ರೈಲು. ಅಕ್ಕಲಕೋಟೆ ರೋಡ್, ದುಧನಿ ಈ ಟೇಶನ್ನುಗಳಲ್ಲಿ ಪ್ಯಾಸೆಂಜರ್ ಹಿಡಿದರೆ ಗುಲಬರ್ಗಾ, ಅಂದರೆ ಈಗಿನ ಕಲಬುರಗಿ. ಹೋಟಗಿಯಿಂದ ಮೀಟರ್ ಗೇಜ್ ಹಿಡಿದರೆ ಇಂಡಿ, ವಿಜಾಪುರ. ಸೊಲ್ಲಾಪುರದ ಟಾಕೀಸುಗಳಲ್ಲಿ ಕನ್ನಡ ಚಿತ್ರ ಬರುತ್ತಿರಲಿಲ್ಲವೆಂದಲ್ಲ, ಬಂದರೂ ಬಹಳ ಸಲ ಬೆಳಗಿನ ಆಟಕ್ಕೆ. ಮಿಲ್ಲಿನ ರಾತ್ರಿಪಾಳಿ ಬಿಟ್ಟವರು ಮನೆಗೆ ಹೋಗದೆ ನೆಟ್ಟಗೆ ಟಾಕೀಸಿಗೆ ಬರುತ್ತಿದ್ದರು. ಮೊದಲರ್ಧ ನೋಡಿ ಎರಡನೆಯ ಅರ್ಧ ಗೊರಕೆ ಹೊಡೆದವರನ್ನು ನಾನೇ ಕಂಡಿದ್ದೇನೆ.

ಆಮೇಲೆ ಒಂದು ಸೋಜಿಗ ನಡೆಯಿತು. 1975ರ ಆಗಸ್ಟ್ 1ರಿಂದ ಅಮೆರಿಕೆಯ ಒಂದು ಉಪಗ್ರಹವನ್ನು ಎರವಲು ಪಡೆದು ಭಾರತ ಸರ್ಕಾರ ಹಳ್ಳಿಗಳಿಗೆ ಟಿವಿ ತೋರಿಸಿತು. ಅದಕ್ಕೆ ಸೈಟ್ ಎಂದು ಹೆಸರು. ಆರು ರಾಜ್ಯಗಳಲ್ಲಿ ಸುಮಾರು 2400 ಹಳ್ಳಿ; ಕರ್ನಾಟಕದಲ್ಲಿ ಆರಿಸಿಕೊಂಡದ್ದು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಅಂದರೆ ಬೆಂಗಳೂರಿನವರು ಟಿವಿ ಕಾಣುವ ಆರು ವರ್ಷ ಮೊದಲೇ ನಮ್ಮ ಬೀಗರ ಜಿಲ್ಲೆಗಳಿಗೆ ಟಿವಿ ಬಂದಿತು! ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಸೈಟ್ ಟಿವಿಗೆ ಶಾಲೆಯ ಮೇಲೆ ಕೋಳಿಗೂಡಿನ ಜಾಲರಿಯಂಥ ತಂತಿಯ ದೊಡ್ಡ ಛತ್ರಿ. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ, ಒಂದಿಷ್ಟು ಹಾಡು ಕುಣಿತ, ಕನ್ನಡದಲ್ಲಿ. ನಮ್ಮ ಮನೆಯಿಂದ ಆ ಕಡೆಗೆ ಕೊಟ್ಟ ಅಕ್ಕ ಪಂಚಮಿಗೆ ಬಂದಾಗ “ನಮ್ಮೂರಾಗ ಪೆಟಿಗ್ಯಾಗ ಮಂದಿ ಕನ್ನಡ ಮಾತಾಡ್ತಾರ” ಎಂದಳು. ನಮ್ಮ ಅವ್ವ ಅವಳ ಹಣೆ ಮುಟ್ಟಿ ನೋಡಿದಳು.

ಸರಿಯಾಗಿ ಒಂದು ವರ್ಷಕ್ಕೆ, 1976ರ ಜುಲೈ 31ಕ್ಕೆ, ಎರವಲಿನ ಅವಧಿ ಮುಗಿದು ಉಪಗ್ರಹದ ಕಾರ್ಯಕ್ರಮ ನಿಂತಿತು. ರೂಢಿ ಮಾಡಿಸಿ ಬಿಡಿಸಿದಂತಾಯಿತು. ಆ ಹಳ್ಳಿಗಳ ಸಲುವಾಗಿ 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮೀಟರ್ ಎದ್ದಿತು. ನಮ್ಮ ಕಥೆಗೆ ಈ ಗೋಪುರವೇ ಮುಖ್ಯ.

ನಕಾಶೆ ತೆಗೆದು ನೋಡಿ. ಅಕ್ಕಲಕೋಟೆಯಿಂದ ಸೊಲ್ಲಾಪುರ ವಾಯವ್ಯಕ್ಕಿದೆ, ಕಲಬುರಗಿ ಮೂಡಣಕ್ಕಿದೆ. ಗೆರೆ ಎಳೆದು ಅಳೆದರೆ ಸುಮಾರು 70 ಕಿಲೋಮೀಟರು. 1984ರ ಸುಮಾರಿಗೆ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮೀಟರು ಎದ್ದು, ನಮ್ಮ ಕಡೆಗೂ ಟಿವಿ ಬಂದಾಗ ಹಳ್ಳಿಯಲ್ಲಿ ಒಂದೋ ಎರಡೋ ಪೆಟ್ಟಿಗೆ. ಅಂಟೆನಾದ ಪೈಪನ್ನು ಪಡುವಣದ ಕಡೆ ತಿರುಗಿಸಿದರೆ ಹಿಂದಿ, ಮರಾಠಿ. ಮೂಡಣಕ್ಕೆ ತಿರುಗಿಸಿದರೆ, ಗಾಳಿ ಮೋಡ ಅನುಕೂಲವಿದ್ದರೆ, ಕನ್ನಡ. 1980ರ ದಶಕದ ಉತ್ತರಾರ್ಧದ ಹೊತ್ತಿಗೆ ಬೆಂಗಳೂರಿನ ಕಾರ್ಯಕ್ರಮಗಳೂ ಆ ಗೋಪುರದಿಂದ ಬರತೊಡಗಿದವು. ವಾರದ ಕನ್ನಡ ಚಿತ್ರವೂ ಅದರಲ್ಲಿತ್ತು.

ಚಿತ್ರ ಬಂದರೆ ಧ್ವನಿ ಇಲ್ಲ, ಧ್ವನಿ ಬಂದರೆ ಪಡದೆಯ ತುಂಬ ಜಿನುಗು ಮಳೆ. ಮಾಳಿಗೆಯ ಮೇಲೆ ಒಬ್ಬ ಹುಡುಗ ಪೈಪು ಹಿಡಿದು ನಿಂತಿರಬೇಕು. “ಬಂತೇನೋ?” ಎಂದು ಅವನು ಕೂಗುವುದು, “ಇಲ್ಲೋ, ಇನ್ನೊಂದೀಟು ತಿರುವು” ಎಂದು ಕೆಳಗಿನವರು ಕೂಗುವುದು, “ಸಾಕ್ ಸಾಕ್! ಹಂಗ ಹಿಡಿ!” ಎನ್ನುವುದು. ಹಾಗೆ ಹಿಡಿದ ಹುಡುಗ ನಾನೇ. ‘ಬಂಗಾರದ ಮನುಷ್ಯ’ ಚಿತ್ರವನ್ನು ನಾನು ಮೊದಲ ಸಲ ಪೂರ್ತಿ ಕೇಳಿದ್ದೇನೆ, ನೋಡಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಮಾತು ಮೇಲೆ ಬರುತ್ತಿತ್ತು. ಎಲ್ಲ ಬಿಟ್ಟು ನಡೆದುಹೋಗುವ ಆ ಕೊನೆಯ ಭಾಗದಲ್ಲಿ ಕೆಳಗೆ ನಿಶ್ಶಬ್ದವಾದಾಗ, ಲೈಟ್ ಹೋಯಿತೆಂದು ನಾನು ಪೈಪು ಬಿಟ್ಟುಬಿಟ್ಟೆ! ಆವತ್ತು ತಿಂದ ಬೈಗುಳ ಮರೆಯುವ ಹಾಗಿಲ್ಲ.

ಅಂಟೆನಾದ ಸಲುವಾಗಿ ಮನೆಯಲ್ಲಿಯೂ ತಕರಾರು ಇದ್ದವು. ಅಜ್ಜಿಗೆ ಮೂಡಣ ಬೇಕು. ಮಂಗಳವೇಢೆಯಿಂದ ಬಂದ ಸೊಸೆಗೆ ಪಡುವಣ ಬೇಕು. ಮಕ್ಕಳಿಗೆ ಕ್ರಿಕೆಟ್ ಬೇಕು. ಆದರೆ 1987ರ ಜನವರಿಯಿಂದ ರವಿವಾರ ಬೆಳಿಗ್ಗೆ ‘ರಾಮಾಯಣ’ ಸುರುವಾದಾಗ ತಕರಾರು ಇರಲಿಲ್ಲ, ಎರಡೂ ದಿಕ್ಕಿಗೆ ಅದೇ ಬರುತ್ತಿತ್ತು.

ಈಗ ರವಿವಾರ ಮಧ್ಯಾಹ್ನದ ಮಾತು. ದಿಲ್ಲಿಯ ದೂರದರ್ಶನದವರು ಒಂದೂವರೆ ಗಂಟೆಗೆ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಹೆಚ್ಚಾಗಿ ಪ್ರಶಸ್ತಿ ಬಂದ ಚಿತ್ರಗಳು, ಕೆಳಗೆ ಇಂಗ್ಲಿಷಿನ ಸಾಲು. ಭಾಷೆಗಳ ಪಾಳಿ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ: ಮೊದಲು ಅಸ್ಸಾಮಿ, ಆಮೇಲೆ ಬಂಗಾಲಿ, ಗುಜರಾತಿ, ಹೀಗೆ. ಕನ್ನಡದ ಪಾಳಿ ಒಮ್ಮೆ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ನಮ್ಮ ವರ್ಣಮಾಲೆ ಹಿಡಿದಿದ್ದರೆ ಸ್ವರಗಳು ಮುಗಿದ ಕೂಡಲೆ ‘ಕ’ ಬರುತ್ತಿತ್ತು, ಗುಜರಾತಿ ಬಂಗಾಲಿ ಎಲ್ಲ ನಮ್ಮ ಹಿಂದೆ ನಿಲ್ಲುತ್ತಿದ್ದವು ಎಂದು ನಮ್ಮ ಶಾಲೆಯ ಮಾಸ್ತರರು ಲೆಕ್ಕ ಹಾಕಿ ಹೇಳುತ್ತಿದ್ದರು.

ಪಾಳಿ ಬಂದರೂ ರಾಜಕುಮಾರ ಬರುತ್ತಿರಲಿಲ್ಲ. ಉಂಡು ಎಲೆ ಅಡಿಕೆ ಹಾಕಿಕೊಂಡು ಹಾಡು, ಫೈಟಿಂಗು ನೋಡಲು ಬಂದ ಮಂದಿಗೆ ‘ಚೋಮನ ದುಡಿ’, ‘ಘಟಶ್ರಾದ್ಧ’. ಅರ್ಧ ಮಂದಿ ಎದ್ದು ಹೋಗುತ್ತಿದ್ದರು. ಕೂತವರಿಗೆ ಆ ಮಲೆನಾಡಿನ ಕನ್ನಡ ಮರಾಠಿಗಿಂತ ಕಠಿಣವೆನಿಸುತ್ತಿತ್ತು, ಸುಳ್ಳಲ್ಲ.

ಅಂಥ ಒಂದು ರವಿವಾರ ನಾನು ಸೊಲ್ಲಾಪುರದಲ್ಲಿ ಮಾಮಾನ ಚಾಳಿನಲ್ಲಿದ್ದೆ. ಮಾಮಾ ಮೂವತ್ತು ವರ್ಷ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಬಾಗಿಲು ಹಾಕಿತ್ತು. ಫಂಡು, ಗ್ರಾಚ್ಯುಟಿ ಎಂದು ಬರಬೇಕಾದ ದುಡ್ಡು ಬಂದಿರಲಿಲ್ಲ. ಗೂಟಕ್ಕೆ ಒಂದು ಬಟ್ಟೆಯ ಚೀಲ, ಅದರಲ್ಲಿ ಅರ್ಜಿಯ ಕಾಗದ. ಸೋಮವಾರವಾದರೆ ಆ ಚೀಲ ತೆಗೆದುಕೊಂಡು ಹೊರಡುವುದು. ಆವತ್ತಿನ ಚಿತ್ರ ‘ತಬರನ ಕಥೆ’. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರು 1986ರಲ್ಲಿ ತೆಗೆದದ್ದು. ಆ ವರ್ಷದ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿತು, ತಬರನಾದ ಚಾರುಹಾಸನ್ ಅವರಿಗೂ ಪ್ರಶಸ್ತಿ ಬಂದಿತು. ಮುನ್ಸಿಪಾಲ್ಟಿಯ ಜವಾನ ತಬರ. ನಿವೃತ್ತಿಯಾಗಿ ಪೆನ್ಶನ್ನಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತದೆ, ದವಾಖಾನೆಗೆ ರೊಕ್ಕವಿಲ್ಲ. ಕೊನೆಗೆ ಆ ಮುದುಕ ಕಟುಕನ ಹತ್ತಿರ ಹೋಗಿ ನನ್ನ ಹೆಂಡತಿಯ ಕಾಲು ಕಡಿದುಕೊಡು ಎಂದು ಬೇಡುತ್ತಾನೆ.

ಚಾಳಿನ ಮಂದಿ ಹತ್ತು ಹದಿನೈದು ಜನ ಕೂತಿದ್ದರು. ಮರಾಠಿಯವರಿದ್ದರು, ತೆಲುಗಿನವರಿದ್ದರು. ಒಬ್ಬರೂ ಎದ್ದು ಹೋಗಲಿಲ್ಲ. ತಿಳಿಸಿ ಹೇಳು ಎಂದು ಯಾರೂ ಕೇಳಲಿಲ್ಲ.

ಆ ಕಟುಕನ ಭಾಗ ಮುಗಿದ ಸ್ವಲ್ಪ ಹೊತ್ತಿಗೆ ಲೈಟ್ ಹೋಯಿತು. ಬಂದಾಗ ಸುದ್ದಿಯೋ ಏನೋ ನಡೆದಿತ್ತು. ಮಂದಿ ಮಾತಿಲ್ಲದೆ ಎದ್ದರು. ಮಾಮಾ ಗೂಟದ ಚೀಲ ತೆಗೆದು ಕಾಗದಗಳನ್ನು ಒಂದೊಂದಾಗಿ ನೋಡಿ ಮತ್ತೆ ತುಂಬಿಟ್ಟರು. ಅತ್ತಿ ಒಳಗೆ ಚಹಾಕ್ಕೆ ಇಟ್ಟಳು.

ಇವತ್ತಿನ ಹಾಗೆ ಆಗ ತಿರುಗಿ ನೋಡುವ ಸೌಕರ್ಯವಿಲ್ಲ. ಒಮ್ಮೆ ಹೋದದ್ದು ಹೋಯಿತು. ಮುಂದಿನ ಪಾಳಿಯಲ್ಲಿ ಕನ್ನಡದ ಬೇರೆ ಚಿತ್ರ ಬಂದಿತು. ಮಾಮಾ ನಾನು ಹೋದಾಗಲೆಲ್ಲ ಕೇಳುತ್ತಿದ್ದರು: “ಆ ಮುದುಕಗ ರೊಕ್ಕ ಸಿಕ್ಕಿತೇನೋ ಕಡೀಕ?” ಎಷ್ಟೋ ವರ್ಷದ ಮೇಲೆ ನಾನು ಆ ಚಿತ್ರ ಪೂರ್ತಿ ನೋಡಿದೆ. ರೊಕ್ಕ ಬರುವ ಹೊತ್ತಿಗೆ ಅಪ್ಪಿ ಇರಲಿಲ್ಲ. ಆಗ ಮಾಮಾ ಹಾಸಿಗೆ ಹಿಡಿದಿದ್ದರು. ಕೇಳಿದಾಗ “ಸಿಕ್ಕಿತು ಮಾಮಾ” ಎಂದೆ. “ಹಾಂ, ಸಿಗಬೇಕು,” ಎಂದು ಅವರು ಆ ಕಡೆ ಹೊರಳಿದರು.

ನಂತರದ ಕಥೆ ನಿಮಗೂ ಗೊತ್ತಿದೆ, ಬೆಳೆಸುವುದಿಲ್ಲ. 1994ರಲ್ಲಿ ಉದಯ ಟಿವಿ ಬಂದಿತು, ಕೇಬಲ್ಲಿನವರು ಓಣಿ ಓಣಿಗೆ ತಂತಿ ಎಳೆದರು. ಕಾಯುವ ಕೆಲಸ ತಪ್ಪಿತು. ದಿನಕ್ಕೆ ಎರಡು ಮೂರು ಕನ್ನಡ ಚಿತ್ರ ಮನೆಯೊಳಗೆ ಬರತೊಡಗಿದಾಗ ಅಜ್ಜಿ ತಿಂಗಳೊಳಗೆ ಬೇಸತ್ತಳು. ಅಂಟೆನಾದ ಪೈಪಿಗೆ ಅವ್ವ ಅರಿವೆ ಒಣಹಾಕುವ ಹಗ್ಗ ಕಟ್ಟಿದಳು. ಕನ್ನಡ ಬಾರದ ನೆರೆಯವರು ನಮ್ಮ ಮನೆಗೆ, ನಾವು ಅವರ ಮನೆಗೆ ಚಿತ್ರ ನೋಡಲು ಹೋಗುವುದು ನಿಂತಿತು. ಹಾಗೆಂದು ಆ ಕಾಲವೇ ಚಲೋ ಇತ್ತೆಂದು ನಾನು ಹೇಳಲಾರೆ. ಮಾಳಿಗೆಯ ಬಿಸಿಲಿನಲ್ಲಿ ಪೈಪು ಹಿಡಿದು ನಿಂತವನಿಗೆ ಗೊತ್ತು.

ಒಂದು ಸಂತೋಷದ ಸುದ್ದಿ ಮಾತ್ರ ಹೇಳಬೇಕು. ನಮ್ಮ ಮಂದಿ ಅರ್ಧಕ್ಕೆ ಎದ್ದುಹೋದ ಆ ‘ಘಟಶ್ರಾದ್ಧ’, 1977ರ ಕಪ್ಪು ಬಿಳುಪು ಚಿತ್ರ, ಅದರ ಮೂಲ ನೆಗೆಟಿವ್ ಪುಣೆಯ ಆರ್ಕೈವಿನಲ್ಲಿ ಉಳಿದಿತ್ತು. ಅದನ್ನು ತೊಳೆದು ಒಪ್ಪ ಮಾಡಿ 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕೊಲ್ಲಾಪುರದಲ್ಲಿ ತಯಾರಾದ ಸುಲೋಚನೆ ಹೋದಳು. ಮಲೆನಾಡಿನ ಯಮುನಕ್ಕ ಪುಣೆಯ ಡಬ್ಬಿಯಲ್ಲಿ ಉಳಿದಳು.

ಚಿತ್ರಗಳ ಮಾತು ಹೀಗಾದರೆ, ನೋಡಿದವರ ನೆನಪಿಗೆ ಆರ್ಕೈವ್ ಎಲ್ಲಿದೆ? ಚಹಾದ ಅಂಗಡಿಯ ಆ ಮೂವರಲ್ಲಿ ಈಗ ಒಬ್ಬರೇ ಇದ್ದಾರೆಂದು ಕೇಳಿದೆ. ಅದಕ್ಕೇ ನಿಮ್ಮಲ್ಲಿ ಒಂದು ವಿನಂತಿ. ಮೈಂದರಗಿ, ದುಧನಿ, ವಾಗದರಿ, ಜೇವೂರು, ಕರಜಗಿ, ನಾಗಣಸೂರು, ಈ ಕಡೆಯ ಹಿರಿಯರು ತಂಬಿನಲ್ಲಿ, ರೈಲು ಹಿಡಿದು ಹೋಗಿ, ಇಲ್ಲವೆ ಅಂಟೆನಾ ತಿರುಗಿಸಿ ನೋಡಿದ ಚಿತ್ರದ ಬಗ್ಗೆ ಒಂದು ಕಾರ್ಡು ಬರೆಯಿರಿ. ಬರೆಯಲು ಬಾರದವರು ಮೊಮ್ಮಕ್ಕಳ ಕೈಯಿಂದ ಬರೆಸಿರಿ. ಪೆಟ್ಟಿಗೆಯಲ್ಲಿ ಹಳೆಯ ಹಾಡಿನ ಪುಸ್ತಕ, ಹ್ಯಾಂಡ್‌ಬಿಲ್ಲು ಇದ್ದರೆ ರದ್ದಿಗೆ ಹಾಕಬೇಡಿರಿ. ಮರಾಠಿಯಲ್ಲಿ ಬರೆದರೂ ಅಡ್ಡಿಯಿಲ್ಲ. ಊರಿನ ಹೆಸರು ಸ್ಪಷ್ಟವಾಗಿರಲಿ, ಪಕ್ಕದಲ್ಲಿ ಯಾರು ಕೂತಿದ್ದರೆಂದು ಬರೆಯಿರಿ. ಚಿತ್ರದ ಹೆಸರು ಮರೆತಿದ್ದರೆ ನಡೆಯುತ್ತದೆ, ನೆನಪಿದ್ದಷ್ಟು ಕಥೆ ಹೇಳಿದರೆ ಸಾಕು, ನಾವು ಹುಡುಕುತ್ತೇವೆ.